ಸತ್ಯಾಂಶ: ದೊಡ್ಡ ಎಸಿ ಹಾಕಿಸಿದರೆ ಕರೆಂಟ್ ಉಳಿಯುತ್ತಾ?

'ಅಂಗಡಿಗೆ ಬೇಕಾದ್ದಕ್ಕಿಂತ ಎರಡು ಟನ್ ಜಾಸ್ತಿ ಎಸಿ ಹಾಕಿಸಿ. ಬೇಗ ತಂಪಾಗಿ ಆಫ್ ಆಗುತ್ತೆ, ಬಿಲ್ ಕಡಿಮೆ ಬರುತ್ತೆ.' ವಾಟ್ಸಾಪ್‌ನಲ್ಲಿ ಓಡಾಡುವ ಈ ಮಾತು ಕೇಳೋಕೆ ಸರಿ ಅನ್ನಿಸುತ್ತದೆ, ಅಲ್ವಾ? ಆದರೆ ತಪ್ಪು.

ಟನ್ ಅಂದರೆ ಯಂತ್ರದ ತೂಕವಲ್ಲ. ಒಂದು ಟನ್ ಮಂಜುಗಡ್ಡೆ 24 ಗಂಟೆಯಲ್ಲಿ ಕರಗಲು ಬೇಕಾಗುವಷ್ಟು ಶಾಖವನ್ನು ಹೊರಹಾಕುವ ಶಕ್ತಿ, ಸುಮಾರು 3.5 ಕಿಲೋವ್ಯಾಟ್.

ಎಸಿಗೆ ಎರಡು ಕೆಲಸ. ಗಾಳಿ ತಂಪು ಮಾಡಬೇಕು, ಅದರ ತೇವವನ್ನೂ ತೆಗೆಯಬೇಕು. ತೇವ ಹೋಗಬೇಕಾದರೆ ಎಸಿಯೊಳಗಿನ ತಣ್ಣನೆಯ ಕಾಯಿಲ್ (ಸುರುಳಿ ಕೊಳವೆ) ಮೇಲೆ ಗಾಳಿ ಸಾಕಷ್ಟು ಹೊತ್ತು ಹರಿಯಬೇಕು. ತೀರಾ ದೊಡ್ಡ ಎಸಿ ಕೆಲವೇ ನಿಮಿಷದಲ್ಲಿ ನಿಂತುಬಿಡುತ್ತದೆ, ಮತ್ತೆ ಶುರುವಾಗುತ್ತದೆ. ಮಳೆಗಾಲದಲ್ಲಿ ಮಂಗಳೂರಿನ ಬಟ್ಟೆ ಅಂಗಡಿಯೊಂದರಲ್ಲಿ ಹೀಗಾದರೆ ಒಳಗೆ ಚಳಿ, ಆದರೂ ಮೈ ಅಂಟಂಟು, ಟ್ರಯಲ್ ರೂಮಿನಲ್ಲಿ ಮುಗ್ಗಲು ವಾಸನೆ. ಹೀಗೆ ಪದೇ ಪದೇ ಆನ್-ಆಫ್ ಆದರೆ ಕರೆಂಟೂ ಉಳಿಯುವುದಿಲ್ಲ, ಕಂಪ್ರೆಸರ್ ಕೂಡ ಬೇಗ ಸವೆಯುತ್ತದೆ. ಇನ್ವರ್ಟರ್ ಎಸಿ ಪೂರ್ತಿ ನಿಲ್ಲುವ ಬದಲು ಕಂಪ್ರೆಸರ್ ವೇಗ ತಗ್ಗಿಸಿಕೊಳ್ಳುತ್ತದೆ ನಿಜ, ಅದಕ್ಕೂ ಒಂದು ಮಿತಿ ಇದೆ.

ಚದರಡಿ ಮಾತ್ರ ಕೇಳಿ ಸುಮ್ನೆ ಟನ್ ಹೇಳುವವರನ್ನು ದಯವಿಟ್ಟು ತಡೆದು ಕೇಳಿ. ಪಶ್ಚಿಮಕ್ಕೆ ಗಾಜು ಎಷ್ಟಿದೆ, ಮೇಲೆ ಬಿಸಿಲು ಕಾಯುವ ತಾರಸಿಯಾ, ಎಷ್ಟು ಜನ ಬರುತ್ತಾರೆ, ಲೈಟು ಎಷ್ಟು, ಬಾಗಿಲು ಎಷ್ಟು ಸಲ ತೆರೆಯುತ್ತದೆ? ಇವೆಲ್ಲ ಸೇರಿಸಿ ಲೆಕ್ಕ ಬರೆದುಕೊಟ್ಟ ಮೇಲೆಯೇ ಆರ್ಡರ್ ಕೊಡಿ.