ಶನಿವಾರ ಬೆಟ್ಟ ದೊಡ್ಡದಾಗುತ್ತದೆ

ಬೆಳಗಿನ ಜಾವ ಐದೂವರೆಗೆ ಮೇಲುಕಾಮನಹಳ್ಳಿ ಗೇಟಿನ ಮುಂದೆ ನಿಂತರೆ, ಅರ್ಧ ಕರ್ನಾಟಕ ವನವಾಸಕ್ಕೆ ಹೊರಟಿದೆಯೇನೋ ಅನ್ನಿಸುತ್ತದೆ. ಬಂಡೀಪುರದ ರಸ್ತೆ ರಾತ್ರಿ ಒಂಬತ್ತಕ್ಕೆ ಮುಚ್ಚಿದರೆ ತೆರೆಯುವುದು ಬೆಳಿಗ್ಗೆ ಆರಕ್ಕೆ. ಆ ಒಂಬತ್ತು ಗಂಟೆ ಆನೆಗಳದ್ದು. ಮಿಕ್ಕ ಹದಿನೈದು ಗಂಟೆ ಊಟಿಗೆ ಹೋಗುವವರದ್ದು. 2024ರ ಮೇ ತಿಂಗಳ ಆ ಶನಿವಾರ ಊಟಿಯ ಬೇಸಿಗೆ ಹಬ್ಬ ನೋಡಲು ನಾವೂ ಸಾಲಿನಲ್ಲಿದ್ದೆವು. ನಾನು, ಹೆಂಡತಿ, ಇಬ್ಬರು ಮಕ್ಕಳು, ಅಮ್ಮ, ಬಾಮೈದ, ಅವನ ಹೆಂಡತಿ. ಏಳು ಸೀಟಿನ ಕಾರು, ಏಳು ಜನ, ಹನ್ನೊಂದು ಸ್ವೆಟರು. ಹೆಚ್ಚಿನ ನಾಲ್ಕು ಅಮ್ಮನ ಮುಂಜಾಗ್ರತೆ.

"ಊಟಿ ಅಂದ್ರೆ ಚಳಿ ಕಣೋ. ನಿಮ್ಮಪ್ಪನ ಜೊತೆ ಹೋದಾಗ ಹಲ್ಲು ಕಟಕಟ ಅಂತಿತ್ತು" ಅಂದರು.

ಆ ಏಪ್ರಿಲ್ ಕೊನೆಗೆ ಊಟಿಯಲ್ಲಿ 29 ಡಿಗ್ರಿ ಮುಟ್ಟಿ ದಾಖಲೆ ಆಗಿತ್ತು. ಪೇಪರಿನಲ್ಲೂ ಬಂದಿತ್ತು. ನಾನು ಹೇಳಲು ಹೋಗಲಿಲ್ಲ. ಸ್ವೆಟರು ಮಡಚುವಾಗ ಅಮ್ಮನ ಮುಖ ಅಷ್ಟು ಖುಷಿಯಾಗಿತ್ತು.

ಇನ್ನು ಇ-ಪಾಸಿನ ಕತೆ. ನೀಲಗಿರಿಗೆ ಸೀಸನ್ನಿನಲ್ಲಿ ದಿನಕ್ಕೆ ಸುಮಾರು 20 ಸಾವಿರ ವಾಹನ ಹತ್ತುತ್ತಿವೆ ಅನ್ನೋ ಲೆಕ್ಕ ನೋಡಿ ಮದ್ರಾಸ್ ಹೈಕೋರ್ಟ್ ಗಾಬರಿಯಾಯಿತು. ಮೇ 7ರಿಂದ ಊಟಿಗೂ ಕೊಡೈಕೆನಾಲ್‌ಗೂ ಪಾಸ್ ಕಡ್ಡಾಯ ಅಂತು. ಬಾಮೈದ ಮೊಬೈಲ್ ಹಿಡಿದು ಕೂತ. ಹೆಸರು, ಕಾರಿನ ನಂಬರು, ಎಷ್ಟು ಜನ, ಎಲ್ಲಿ ಇಳಿದುಕೊಳ್ಳುತ್ತೀರಿ, ಎಲ್ಲ ತುಂಬಿದ. ಒತ್ತಿದ ತಕ್ಷಣ ಪಾಸ್ ಬಂತು.

"ಭಾವ, ಸಿಕ್ಬಿಡ್ತು!" ಅಂತ ಕುಣಿದ. ಬಾಮೈದ ಒಂದೇ ಸಲಕ್ಕೆ ಪಾಸಾಗಿದ್ದು ನಾನು ಕಂಡಂತೆ ಇದೇ ಮೊದಲು. ಆಮೇಲೆ ಗೊತ್ತಾಯಿತು, ಆ ವರ್ಷ ಸಂಖ್ಯೆಗೆ ಮಿತಿಯೇ ಇರಲಿಲ್ಲ. ಕೇಳಿದವರಿಗೆಲ್ಲ ಪಾಸ್. ಅಂದರೆ ಜನ ಜಾಸ್ತಿಯಾದರು ಅಂತ ಬಾಗಿಲಿಗೆ ಒಬ್ಬನನ್ನು ನಿಲ್ಲಿಸಿ, ಬಂದವರಿಗೆಲ್ಲ "ಬನ್ನಿ ಬನ್ನಿ" ಅನ್ನಿಸಿದ ಹಾಗೆ.

ಮಿತಿ ಬಂದದ್ದು ಮರು ವರ್ಷ, 2025ರಲ್ಲಿ. ನೀಲಗಿರಿಗೆ ವಾರದ ದಿನಗಳಲ್ಲಿ 6,000 ವಾಹನ, ಶನಿವಾರ ಭಾನುವಾರ 8,000. ಈ ಸುದ್ದಿಯನ್ನು ನಾನು ನಾಲ್ಕು ಸಲ ಓದಿದೆ. ಬೆಟ್ಟ ಎಷ್ಟು ಭಾರ ತಡೆಯುತ್ತೆ ಅಂತ ನೋಡಿ ಹಾಕಿದ ಮಿತಿ ತಾನೇ ಇದು? ಹಾಗಾದರೆ ಶುಕ್ರವಾರ ರಾತ್ರಿ ಹನ್ನೆರಡು ಹೊಡೆಯುತ್ತಿದ್ದಂತೆ ನೀಲಗಿರಿ ಬೆಟ್ಟ ಒಂದು ಸಲ ಉಸಿರೆಳೆದುಕೊಂಡು ಎದೆ ಉಬ್ಬಿಸುತ್ತದೆ. ಇನ್ನೂ ಎರಡು ಸಾವಿರ ಕಾರಿಗೆ ಜಾಗವಾಗುತ್ತದೆ. ಸೋಮವಾರ ಮತ್ತೆ ಕುಗ್ಗಿ ಆಫೀಸಿಗೆ ಹೊರಡುತ್ತದೆ. ಶಾಲೆಯಲ್ಲಿ ಯಾರೂ ಹೇಳಿಕೊಡದ ಭೂಗೋಳ ಇದು. ಅಲ್ಲಿನ ವ್ಯಾಪಾರಿಗಳಿಗೆ ಈ ಲೆಕ್ಕವೂ ಕಡಿಮೆ ಅನ್ನಿಸಿ ಏಪ್ರಿಲ್ 2ಕ್ಕೆ ಬಂದ್ ಮಾಡಿದರು. ಗಿರಾಕಿ ಕಡಿಮೆಯಾಗ್ತಾರೆ ಅಂತ ಅಂಗಡಿ ಮುಚ್ಚಿ ಕೂತರು. ನಗುವುದು ಸುಲಭ. ಎರಡು ತಿಂಗಳ ಸೀಸನ್ನಿನ ದುಡ್ಡಲ್ಲಿ ವರ್ಷ ದೂಡುವವರಿಗೆ ನಗು ಬರಲಿಕ್ಕಿಲ್ಲ.

ಇರಲಿ, ನಮ್ಮ ಕಾರಿಗೆ ಬರೋಣ. ತಮಿಳುನಾಡಿನ ಗಡಿಯ ಕೆಕ್ಕನಹಳ್ಳ ಚೆಕ್‌ಪೋಸ್ಟಿನಲ್ಲಿ ನೀರಿನ ಪ್ಲಾಸ್ಟಿಕ್ ಬಾಟಲಿಗಳನ್ನೆಲ್ಲ ತೆಗೆಸಿದರು. ಒಳ್ಳೆಯ ಕೆಲಸ, ಮೆಚ್ಚಿದೆ. ಬಾಟಲಿಗಳು ಕೆಳಗಿಳಿದವು, ಏಳು ಜನರ ಕಾರು ಹೊಗೆ ಬಿಡುತ್ತಾ ಮೇಲೆ ಹತ್ತಿತು.

ಮಸಿನಗುಡಿ ದಾಟಿದ ಮೇಲೆ ಕಲ್ಲಟ್ಟಿ ಘಾಟು. 36 ಹೇರ್‌ಪಿನ್ ತಿರುವು, ಒಂದೊಂದಕ್ಕೂ ನಂಬರಿನ ಬೋರ್ಡು. ಒಂದು ತಿರುವಿನಲ್ಲಿ ನಾವು ಎಷ್ಟು ಹೊತ್ತು ನಿಂತೆವೆಂದರೆ, ಮಕ್ಕಳು ಆ ನಂಬರನ್ನು ಮನೆ ನಂಬರಿನ ಹಾಗೆ ಬಾಯಿಪಾಠ ಮಾಡಿಬಿಟ್ಟವು. ಮುಂದಿನ ಕಾರಿನವರು ಇಳಿದು ರಸ್ತೆ ಬದಿಯಲ್ಲೇ ಚಿತ್ರಾನ್ನದ ಡಬ್ಬಿ ಬಿಚ್ಚಿದರು. ನಮಗೂ ಒಂದು ತಟ್ಟೆ ಬಂತು. ಅವರು ಚನ್ನಪಟ್ಟಣದವರು. ಹಿಂದಿನ ಕಾರು ವಿಜಯನಗರದ್ದು, ನಮ್ಮ ಮನೆಯಿಂದ ಮೂರನೇ ಕ್ರಾಸು. ಮೈಸೂರಿನಲ್ಲಿ ಒಂದು ದಿನವೂ ಮಾತಾಡದ ಅಕ್ಕಪಕ್ಕದವರು ತಮಿಳುನಾಡಿನ ತಿರುವಿನಲ್ಲಿ ಪರಿಚಯವಾದೆವು. ಗಾಳಿಯಲ್ಲಿ ಕ್ಲಚ್ ಸುಟ್ಟ ವಾಸನೆ. ನೀಲಗಿರಿ ಎಣ್ಣೆಯ ವಾಸನೆ ಸಿಕ್ಕಿದ್ದು ಮೇಲೆ ಹೋದಮೇಲೆ, ಅಂಗಡಿಯ ಬಾಟಲಿಯಲ್ಲಿ.

ಹನ್ನೊಂದೂವರೆಗೆ ಕೆರೆ ಮುಟ್ಟಿದೆವು. ಇದು ದೇವರು ಕೊಟ್ಟ ಕೆರೆಯಲ್ಲ. ಕೊಯಮತ್ತೂರಿನ ಕಲೆಕ್ಟರ್ ಆಗಿದ್ದ ಜಾನ್ ಸಲ್ಲಿವನ್ 1824ರ ಸುಮಾರಿಗೆ ತೊರೆಗಳಿಗೆ ಅಡ್ಡ ಕಟ್ಟಿಸಿ ಮಾಡಿದ್ದು. ಆಗ ಈಗಿನದ್ದಕ್ಕಿಂತ ಎಷ್ಟೋ ದೊಡ್ಡದಿತ್ತು. ಆಮೇಲೆ ಬಂದವರು ಒಂದು ಕಡೆ ತುಂಬಿಸಿ ಕುದುರೆ ರೇಸ್ ಮೈದಾನ ಮಾಡಿದರು, ಇನ್ನೊಂದು ಕಡೆ ಬಸ್ ಸ್ಟ್ಯಾಂಡು ಮಾಡಿದರು. ಕೆರೆ ನೋಡಲು ಬಸ್ಸಿನಲ್ಲಿ ಬಂದವರು ಇಳಿಯುವುದೇ ಕೆರೆಯೊಳಗೆ. ಇದನ್ನು ನಾವು ಊಟಿಯವರಿಂದ ಕಲಿಯಬೇಕಾಗಿಲ್ಲ ಬಿಡಿ. ಬೆಂಗಳೂರಿನ ಮೆಜೆಸ್ಟಿಕ್ ಬಸ್ ಸ್ಟ್ಯಾಂಡಿರುವುದು ಧರ್ಮಾಂಬುಧಿ ಕೆರೆಯ ಜಾಗದಲ್ಲಿ. ಆ ವಿದ್ಯೆಯಲ್ಲಿ ನಾವೂ ಏನು ಕಮ್ಮಿಯಿಲ್ಲ.

ಉಳಿದ ಕೆರೆಯಲ್ಲಿ ಬೋಟಿಂಗ್. ಟಿಕೆಟ್ಟಿಗೆ ಒಂದು ಸಾಲು, ಲೈಫ್ ಜಾಕೆಟ್ಟಿಗೆ ಒಂದು ಸಾಲು, ಬೋಟಿಗೆ ಮತ್ತೊಂದು ಸಾಲು. ಮೂರೂ ಮುಗಿಯುವ ಹೊತ್ತಿಗೆ ಒಂದೂಮುಕ್ಕಾಲು. ಜಾಕೆಟ್ ಹಿಂದಿನವರ ಬೆವರಿನಲ್ಲಿ ಒದ್ದೆಯಾಗಿ ಬೆಚ್ಚಗಿತ್ತು. ಅಮ್ಮನಿಗೆ ಆ ದಿನ ಸಿಕ್ಕ ಮೊದಲ ಉಣ್ಣೆ ಬಟ್ಟೆ ಅದೇ ಅನ್ನಬಹುದು. ನಾನೂ ಬಾಮೈದನೂ ಪೆಡಲ್ ಬೋಟ್ ಹತ್ತಿದೆವು. ದಡ ಬಿಟ್ಟು ಇಪ್ಪತ್ತು ಅಡಿ ಹೋಗಿಲ್ಲ, ಢಮ್ ಅಂತ ಇನ್ನೊಂದು ಬೋಟು ಗುದ್ದಿತು. ಅದನ್ನು ತಪ್ಪಿಸಲು ಹೋಗಿ ನಾವು ಮೂರನೆಯದಕ್ಕೆ ಗುದ್ದಿದೆವು. ನೀರಿನ ಮೇಲೂ ಟ್ರಾಫಿಕ್ ಜಾಮ್! ದಡದಿಂದ ಸೀಟಿ ಊದುವವನು ನಮ್ಮನ್ನು ಬಲಕ್ಕೆ ತಿರುಗಿ ಅನ್ನುತ್ತಿದ್ದ. ಬಲಕ್ಕೆ ಒಂದು ಹೊಸ ಮದುವೆ ಜೋಡಿ ಸೆಲ್ಫಿಯಲ್ಲಿ ಮುಳುಗಿತ್ತು. ಬಾಮೈದ ಅಭ್ಯಾಸ ಬಲದಿಂದ ಹಾರ್ನ್ ಹುಡುಕಿದ. ಅದು ಇಲ್ಲ ಅಂತ ಗೊತ್ತಾದಾಗ ಬಾಯಲ್ಲೇ "ಪೋಂ ಪೋಂ" ಅಂದ. ಜೋಡಿ ಗಂಭೀರವಾಗಿ ಪಕ್ಕಕ್ಕೆ ಸರಿದು ದಾರಿ ಬಿಟ್ಟಿತು. ಅರ್ಧ ಗಂಟೆ ತುಳಿದೆವು. ಇಳಿದದ್ದು ಹತ್ತಿದ ಜಾಗದಿಂದ ಆರು ಅಡಿ ಎಡಕ್ಕೆ.

ಹಬ್ಬದಲ್ಲಿ ಇದೇ ಕೆರೆಯ ಮೇಲೆ ದೋಣಿ ಸ್ಪರ್ಧೆಯೂ ಇರುತ್ತದೆ. ಸುಮ್ನೆ ಒಂದು ಸಲಹೆ: ಗೆದ್ದವರನ್ನು ಬಿಟ್ಟು, ಯಾರಿಗೂ ಗುದ್ದದೆ ದಡ ಸೇರಿದವರಿಗೆ ಕಪ್ ಕೊಡಲಿ.

ಇಷ್ಟು ಮುಗಿಸಿ ಹೂವಿನ ಪ್ರದರ್ಶನಕ್ಕೆ. ಸಸ್ಯೋದ್ಯಾನ 1848ರದ್ದು, ಪುಷ್ಪ ಪ್ರದರ್ಶನ 1896ರಿಂದ ನಡೆದಿದೆ. ಹಳೆಯ ತೋಟ, ಹಳೆಯ ಮರಗಳು, ನೋಡಿದರೆ ಕಣ್ಣು ತಣ್ಣಗಾಗುತ್ತೆ. ಆದರೆ ಯಾರೂ ಮರ ನೋಡುತ್ತಿರಲಿಲ್ಲ. ಆ ವರ್ಷದ ಆಕರ್ಷಣೆ ಹೂಗಳಲ್ಲಿ ಕಟ್ಟಿದ ಡಿಸ್ನಿ ಕೋಟೆ. ಪಕ್ಕದಲ್ಲಿ ಹೂವಿನಲ್ಲೇ ಮಾಡಿದ ಬೆಟ್ಟದ ರೈಲು. ಮರು ವರ್ಷ ಚೋಳರ ಅರಮನೆ. ನೀಲಗಿರಿಯಲ್ಲಿ ಅಲ್ಲಿನ ಮೂಲನಿವಾಸಿ ತೋಡರ ಮನೆಗಳಿವೆ, ಕಮಾನಿನ ಹಾಗೆ ಬಾಗಿದ ಹುಲ್ಲಿನ ಮಾಡಿನವು. ಅವು ಎಷ್ಟು ಚೆಂದ ಅಂದರೆ ಹೂವೇ ಬೇಡ. ಆದರೆ ಪಾಪ, ಅವು ಅಲ್ಲಿಯವೇ ಅಲ್ವಾ? ಅಲ್ಲಿ ಇರುವುದನ್ನು ನೋಡಲು ಅಷ್ಟು ದೂರದಿಂದ ಯಾರು ಬರುತ್ತಾರೆ!

ರೈಲಿನ ವಿಷಯ ಒಂದು ಮಾತು ಹೇಳಲೇಬೇಕು. ನಿಜವಾದ ಬೆಟ್ಟದ ರೈಲು ಮೆಟ್ಟುಪಾಳ್ಯದಿಂದ 46 ಕಿಲೋಮೀಟರ್, ಕಡಿದಾದ ಕಡೆ ಹಲ್ಲಿನ ಹಳಿ ಹಿಡಿದು ಹತ್ತುತ್ತದೆ, 2005ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ಬಾಮೈದ ಎರಡು ತಿಂಗಳು ಮೊದಲೇ ಟಿಕೆಟ್ಟಿಗೆ ಕೂತಿದ್ದ. ವೇಟಿಂಗ್ ಲಿಸ್ಟು ಕೊನೆಯವರೆಗೂ ಅಲ್ಲಾಡಲಿಲ್ಲ. ಈಗ ಹೂವಿನ ರೈಲಿನ ಮುಂದೆ ನಿಂತು ಫೋಟೋ ತೆಗೆಸಿಕೊಂಡ. ಅಲ್ಲೂ ಸಾಲಿತ್ತು.

ಇಷ್ಟಕ್ಕೇ ಮುಗಿಯುವುದಿಲ್ಲ. ಬೇಸಿಗೆ ಹಬ್ಬ ಅಂದರೆ ಕೂನೂರಿನ ಸಿಮ್ಸ್ ಪಾರ್ಕಿನಲ್ಲಿ ಹಣ್ಣಿನದ್ದು, ಕೋಟಗಿರಿಯಲ್ಲಿ ತರಕಾರಿಯದ್ದು, ಗೂಡಲೂರಿನಲ್ಲಿ ಮಸಾಲೆ ಪದಾರ್ಥಗಳದ್ದು. ಒಂದೊಂದು ಊರಿಗೆ ಒಂದೊಂದು ಖಾತೆ ಹಂಚಿದ ಹಾಗೆ. ನಮ್ಮ ಲಾಲ್‌ಬಾಗಿನವರು ವರ್ಷಕ್ಕೆ ಎರಡು ಸಲ ಮಾಡುತ್ತಾರೆ, ಅಷ್ಟಕ್ಕೇ ಡಬಲ್ ರೋಡು ಜಾಮ್.

ದೊಡ್ಡಬೆಟ್ಟಕ್ಕೆ ಆ ದಿನ ಹೋಗಲಾಗಲಿಲ್ಲ. ಹಿಂದೊಮ್ಮೆ ಹೋಗಿದ್ದೆ. ಹೆಸರು ಕೇಳಿದರೇ ನಮ್ಮದು ಅನ್ನಿಸುತ್ತೆ, 2,637 ಮೀಟರ್. ಮೇಲೆ ಟೆಲಿಸ್ಕೋಪ್ ಇದೆ. ಆವತ್ತು ಎದುರಿನ ಕಂಬವೂ ಕಾಣದಷ್ಟು ಮಂಜು. ಆದರೂ ದುಡ್ಡು ಕೊಟ್ಟು, ಸರದಿಯಲ್ಲಿ ನಿಂತು, ಮಂಜನ್ನು ಹತ್ತಿರದಿಂದ ನೋಡಿ ಬಂದೆವು.

ವಾಪಸ್ ಹೊರಡುವಾಗ ರಸ್ತೆ ಬದಿಯಲ್ಲಿ ಸೊಪ್ಪಿನ ಸಮೇತ ಕ್ಯಾರೆಟ್ ಮಾರುತ್ತಿದ್ದ ಒಬ್ಬ ಹೆಂಗಸು. ನಮ್ಮ ಕನ್ನಡ ಕಿವಿಗೆ ಬಿದ್ದು, ಬೆಟ್ಟದ ಬಡಗರ ಮಾತಾದ ಬಡಗದಲ್ಲಿ ಮಾತಾಡಿಸಿದರು. ಹತ್ತು ಮಾತಿಗೆ ಆರು ಅರ್ಥವಾಯಿತು. ಅಮ್ಮನಿಗೆ ಎಂಟು. ಹಬ್ಬ ಜೋರಾ ಅಂತ ಅಮ್ಮ ಕೇಳಿದರು. ಆಕೆಗೆ ಪ್ರಶ್ನೆಯೇ ತಿಳಿಯಲಿಲ್ಲ. ಅವರ ಹಬ್ಬ ಬಡಗರ ದೇವತೆ ಹೆತ್ತೈ ಅಮ್ಮನದ್ದು, ಡಿಸೆಂಬರ್-ಜನವರಿಯ ಚಳಿಯಲ್ಲಿ, ಬಿಳಿ ಬಟ್ಟೆ ಉಟ್ಟು ಊರೂರಿನವರು ಸೇರುತ್ತಾರಂತೆ. "ಮತ್ತೆ ಇದು?" ಅಂತ ಅಮ್ಮ ರಸ್ತೆಯ ಕಡೆ ಕೈ ತೋರಿಸಿದರು. ಆಕೆ ಒಂದು ಕ್ಷಣ ಕಾರುಗಳ ಸಾಲು ನೋಡಿ, "ಸೀಸನ್" ಅಂದರು. ಎರಡು ಕಟ್ಟು ತೆಗೆದುಕೊಂಡೆವು. ದಿನದಲ್ಲಿ ಸಾಲಿಲ್ಲದೆ ಸಿಕ್ಕಿದ್ದು ಅದೊಂದೇ.

ಇಳಿಯುವುದು ಗೂಡಲೂರಿನ ಸುತ್ತು ದಾರಿ. ಬಾಮೈದನಿಗೆ ಒಂದೇ ಚಿಂತೆ, ಒಂಬತ್ತರ ಗೇಟು. ಗೇಟು ತಪ್ಪಿದರೆ ರಾತ್ರಿ ಕಾರಿನಲ್ಲೇ. ಕೊನೆಯ ಗಂಟೆ ಯಾರೂ ಮಾತಾಡಲಿಲ್ಲ. ಹಿಂದಿನ ಸೀಟಿನಲ್ಲಿ ಮಕ್ಕಳು ಕ್ಯಾರೆಟ್ ಕಡಿಯುವ ಸದ್ದು ಮಾತ್ರ. ಎಂಟು ಐವತ್ತಕ್ಕೆ ಗೇಟು ದಾಟಿದೆವು. ಆಗ ಬಾಮೈದ ಬಾಯಿಬಿಟ್ಟ: "ಭಾವ, ಮುಂದಿನ ವರ್ಷ ಕೊಡೈಕೆನಾಲ್. ಅಲ್ಲೂ ಕೆರೆ ಇದೆ. ಜನ ಕಮ್ಮಿ ಅಂತೆ."

ನಂಜನಗೂಡು ದಾಟುವಾಗ ಹನಿ ಶುರುವಾಯಿತು. ಮೈಸೂರು ಮುಟ್ಟುವ ಹೊತ್ತಿಗೆ ಜೋರು ಮಳೆ, ತಣ್ಣನೆ ಗಾಳಿ. ನಮ್ಮ ಬೀದಿ ಖಾಲಿ. ಯಾರೂ ಇಲ್ಲ, ಎಲ್ಲರೂ ಊಟಿಯಲ್ಲಿದ್ದರು. ಕಾರಿನಿಂದಿಳಿದ ಅಮ್ಮ ಜಗುಲಿಯಲ್ಲೇ ಬ್ಯಾಗು ಬಿಚ್ಚಿ, ಇಡೀ ದಿನ ಮಡಿಕೆ ಮುರಿಯದ ಸ್ವೆಟರೊಂದನ್ನು ತೆಗೆದು ಹಾಕಿಕೊಂಡರು. ಮೇಲೆ ಇನ್ನೊಂದು.