ಕೆಲಸಕ್ಕೂ ಗೇಮಿಗೂ ಒಂದೇ ಅಲ್ಟ್ರಾವೈಡ್ ಮಾನಿಟರ್ ಸಾಕೇ?

ಪರ: ನಡುವೆ ಗೀಟಿಲ್ಲದ ಪರದೆ

ನಾನು ಯಕ್ಷಗಾನದ ವಿಡಿಯೊ ಎಡಿಟ್ ಮಾಡುವವನು. ಒಂದು ರಾತ್ರಿಯ ಆಟಕ್ಕೆ ಮೂರು ಕ್ಯಾಮೆರಾ, ಭಾಗವತರಿಗೊಂದು ಮೈಕು, ಚೆಂಡೆಗೂ ಮದ್ದಳೆಗೂ ಬೇರೆ ಬೇರೆ. ಇವೆಲ್ಲ ಟೈಮ್‌ಲೈನ್‌ನಲ್ಲಿ ಒಂದರ ಕೆಳಗೊಂದು ಸಾಲಾಗಿ ಕೂರುತ್ತವೆ. ನಾಲ್ಕು ವರ್ಷ ಎರಡು 24 ಇಂಚಿನ ಮಾನಿಟರ್ ಇಟ್ಟುಕೊಂಡೇ ಈ ಕೆಲಸ ಮಾಡಿದೆ. ಟೈಮ್‌ಲೈನನ್ನು ಎರಡಕ್ಕೂ ಎಳೆದರೆ ನಡುವೆ ಪ್ಲಾಸ್ಟಿಕ್ ಅಂಚು. ಚೆಂಡೆಯ ಮುಕ್ತಾಯದ ಪೆಟ್ಟು ಎಷ್ಟೋ ಸಲ ಆ ಅಂಚಿನ ಬಳಿಯೇ ಬಂದು ನಿಲ್ಲುತ್ತಿತ್ತು. ವೇಷಧಾರಿಯ ಕಾಲು ನೆಲಕ್ಕೆ ಬೀಳುವುದಕ್ಕೂ ಆ ಪೆಟ್ಟಿಗೂ ನಾಲ್ಕೈದು ಫ್ರೇಮ್ ಹಿಂದುಮುಂದಾದರೆ ಸಾಕು, ಆಟ ನೋಡಿ ಬೆಳೆದವರು ತಕ್ಷಣ ಹಿಡಿಯುತ್ತಾರೆ. ನಾನು ಮತ್ತೆ ಮತ್ತೆ ಸ್ಕ್ರೋಲ್ ಮಾಡಿ ಅದನ್ನು ಅಂಚಿನಿಂದ ಆಚೆ ತರಬೇಕಿತ್ತು.

ಈಗ ಮೇಜಿನ ಮೇಲಿರುವುದು 34 ಇಂಚಿನ ಅಲ್ಟ್ರಾವೈಡ್, ಎಂದರೆ ಮಾಮೂಲಿಗಿಂತ ಅಗಲವಾದ ಪರದೆ, 3440×1440 ಪಿಕ್ಸೆಲ್. ಎತ್ತರ 27 ಇಂಚಿನ ಮಾಮೂಲಿ ಮಾನಿಟರ್‌ನಷ್ಟೇ, ಅಗಲ ಮಾತ್ರ ಸುಮಾರು 80 ಸೆಂಟಿಮೀಟರ್. ಎರಡು 27 ಇಂಚಿನವನ್ನು ಪಕ್ಕಪಕ್ಕ ಇಟ್ಟರೆ 120 ಸೆಂಟಿಮೀಟರ್ ಆಗುತ್ತದೆ. ಮೂರೂವರೆ ಅಡಿಯ ಮೇಜಿನಲ್ಲಿ ಹಿಡಿಸುವುದೇ ಇಲ್ಲ. ಹಿಡಿಸಿದರೂ, ನಟ್ಟನಡುವೆ ಕೂತವರಿಗೆ ಕಣ್ಣೆದುರೇ ಗೀಟು, ಒಂದರ ಮುಂದೆ ಕೂತವರಿಗೆ ದಿನವಿಡೀ ಕತ್ತು ಒಂದೇ ಕಡೆಗೆ.

ರಾತ್ರಿ ಹತ್ತರ ಮೇಲೆ ಅದೇ ಪರದೆಯಲ್ಲಿ ಅಸೆಟ್ಟೊ ಕೋರ್ಸಾ ಎಂಬ ಕಾರ್ ರೇಸಿನ ಗೇಮ್ ಆಡುತ್ತೇನೆ. ತಿರುವಿಗೆ ಇಳಿಯುವ ಮೊದಲೇ ಅದರ ಒಳಬದಿ ಕಾಣುತ್ತದೆ, ಎದುರಾಳಿಯ ಕಾರು ನನ್ನ ಬಾಗಿಲ ಸಮಕ್ಕೆ ಬಂದದ್ದು ಕಣ್ಣಂಚಿಗೆ ಬೀಳುತ್ತದೆ. ಜೋಡಿ ಮಾನಿಟರ್‌ಗೆ ಗೇಮ್ ಹರಡಿದರೆ ಗೀಟು ಬರುವುದು ಪರದೆಯ ಮಧ್ಯಕ್ಕೆ, ಎಂದರೆ ರಸ್ತೆಯ ಮೇಲೇ. ಹಾಗಾಗಿ ಒಂದರಲ್ಲಿ ಆಡಿ ಇನ್ನೊಂದನ್ನು ಸುಮ್ಮನೆ ಉರಿಸುತ್ತಾರೆ. ಗ್ರಾಫಿಕ್ಸ್ ಕಾರ್ಡ್ ತಡೆಯುವುದಿಲ್ಲ ಎಂದು ಹೆದರಿಸುವವರಿಗೆ ಲೆಕ್ಕ ಹೇಳುತ್ತೇನೆ: ಇದರಲ್ಲಿ ಇರುವುದು 49.5 ಲಕ್ಷ ಪಿಕ್ಸೆಲ್, 4ಕೆ (3840×2160) ಪರದೆಯಲ್ಲಿ ಸುಮಾರು 83 ಲಕ್ಷ. ಕಾರ್ಡ್ ಬಿಡಿಸಬೇಕಾದ ಪಿಕ್ಸೆಲ್ ಇದರಲ್ಲಿ ಕಡಿಮೆಯೇ.

ಕೊಳ್ಳುವವರು ಒಂದನ್ನು ಮಾತ್ರ ನೋಡಿಕೊಳ್ಳಿ. ಕಡಿಮೆ ಬೆಲೆಗೆ ಸಿಗುತ್ತದೆಂದು 34 ಇಂಚಿನಲ್ಲಿ 2560×1080 ತರಬೇಡಿ. ಇಂಚಿಗೆ 82ರಷ್ಟೇ ಪಿಕ್ಸೆಲ್ ಇರುತ್ತದೆ. ಇಂಗ್ಲಿಷ್ ಅಕ್ಷರ ಹೇಗೋ ನಡೆಯುತ್ತದೆ, ಆದರೆ ಸಣ್ಣ ಫಾಂಟಿನಲ್ಲಿ ಕನ್ನಡ ಸಬ್‌ಟೈಟಲ್ ಟೈಪಿಸುವಾಗ ‘ರಾಷ್ಟ್ರ’ದ ಎರಡು ಒತ್ತುಗಳು ಕಲಸಿಕೊಂಡು ಒಂದೇ ಮಚ್ಚೆಯಾಗುತ್ತವೆ. 3440×1440ರಲ್ಲಿ ಇಂಚಿಗೆ 110, ಒತ್ತು ಒತ್ತಾಗಿಯೇ ಕಾಣುತ್ತದೆ. ಕೇಬಲ್ ಡಿಸ್‌ಪ್ಲೇಪೋರ್ಟಿನದೇ ಇರಲಿ, ಎಚ್‌ಡಿಎಂಐ 2.0ರಲ್ಲಿ ಈ ರೆಸಲ್ಯೂಷನ್‌ಗೆ 144 ಹರ್ಟ್ಸ್ (ಸೆಕೆಂಡಿಗೆ 144 ಚಿತ್ರ) ಸಿಗುವುದಿಲ್ಲ.

ಮೀಟಿಂಗ್‌ನಲ್ಲಿ ಪೂರ್ತಿ ಪರದೆ ಹಂಚಿದರೆ ಎದುರಿನವರಿಗೆ ಪಟ್ಟಿಯಂತೆ ಸಣ್ಣದಾಗಿ ಕಾಣುತ್ತದೆ ಎಂಬ ದೂರಿದೆ. ಅರ್ಧ ಗಂಟೆಯ ಮೀಟಿಂಗ್‌ಗಾಗಿ ಉಳಿದ ಎಂಟು ಗಂಟೆ ಗೀಟು ನೋಡುತ್ತಾ ಕೂರಬೇಕೇ?

ವಿರೋಧ: ಎರಡಿದ್ದರೆ ಒಂದಾದರೂ ಉಳಿಯುತ್ತದೆ

ವಿರೋಧ ಬರೆದುಕೊಡಿ ಎಂದು ಕೇಳಿದರು, ಒಪ್ಪಿಕೊಂಡೆ. ಕಾರ್ ಗೇಮಿಗೆ ಅಗಲ ಪರದೆ ಚೆಂದ ಎಂಬುದಕ್ಕೆ ನನ್ನ ತಕರಾರಿಲ್ಲ. ಆದರೆ ಗೇಮ್ ಎಂದರೆ ಕಾರೊಂದೇ ಅಲ್ಲ. ಪ್ಲೇಸ್ಟೇಷನ್ 5 ಜೋಡಿಸಿದರೆ ಅದು ಅಲ್ಟ್ರಾವೈಡಿನ 21:9 ಆಕಾರ ಕೊಡುವುದೇ ಇಲ್ಲ. ಎಲ್ಡನ್ ರಿಂಗ್ ಗೇಮ್ ಪಿಸಿಯಲ್ಲಿಯೂ ಮಾಮೂಲಿ ಪರದೆಯ 16:9ರಲ್ಲೇ ನಿಲ್ಲುತ್ತದೆ, ಎಡಕ್ಕೂ ಬಲಕ್ಕೂ ಕಪ್ಪು ಪಟ್ಟಿ. ದುಡ್ಡು ಕೊಟ್ಟದ್ದು ಆ ಪಟ್ಟಿಗೂ ಸೇರಿ. ಇನ್ನು ನಡುವಿನ ಗೀಟಿನ ಕಷ್ಟ ವಿಡಿಯೊ ಕತ್ತರಿಸುವವರದು. ನಮ್ಮಂಥವರು ಪರದೆಯಲ್ಲಿ ಕಾಗದ ಓದುವವರು.

ನನ್ನದು ದಾವಣಗೆರೆಯಲ್ಲಿ ತೆರಿಗೆ ಲೆಕ್ಕದ ಕೆಲಸ. ತಿಂಗಳ 14ಕ್ಕೆ ಜಿಎಸ್‌ಟಿಆರ್-2ಬಿ, ಎಂದರೆ ಮಾರಿದವರು ತೋರಿಸಿದ ಬಿಲ್ಲುಗಳ ಪಟ್ಟಿ, ಬರುತ್ತದೆ, 20ರೊಳಗೆ 3ಬಿ ಎಂಬ ತಿಂಗಳ ರಿಟರ್ನ್ ಸಲ್ಲಿಸಬೇಕು. ಆ ಆರು ದಿನ ಖರೀದಿ ಬಿಲ್ಲುಗಳನ್ನು ಒಂದೊಂದಾಗಿ ತಾಳೆ ನೋಡುವುದೇ ಕೆಲಸ. ಎಡಗಡೆಯ 24 ಇಂಚಿನದನ್ನು ಉದ್ದುದ್ದ ನಿಲ್ಲಿಸಿ ಅದರಲ್ಲಿ 2ಬಿ ಪಟ್ಟಿ, ಬಲಗಡೆಯದರಲ್ಲಿ ಲೆಕ್ಕ ಬರೆಯುವ ಟ್ಯಾಲಿ ಸಾಫ್ಟ್‌ವೇರ್. ಪಟ್ಟಿ ಬೆಳೆಯುವುದು ಕೆಳಕ್ಕೆ, ಅಡ್ಡಕ್ಕಲ್ಲ.

ಹೋದ ವರ್ಷ ಒಂದು 19ರ ಸಂಜೆ, ಹನ್ನೊಂದು ಪಾರ್ಟಿಗಳ ರಿಟರ್ನ್ ಬಾಕಿ ಇದ್ದಾಗ ಬಲಗಡೆಯ ಮಾನಿಟರ್‌ನಲ್ಲಿ ಮೇಲಿಂದ ಕೆಳಗೆ ಒಂದು ಹಸಿರು ಗೆರೆ ಬಿತ್ತು. ಹತ್ತು ನಿಮಿಷಕ್ಕೆ ಗೆರೆ ಹತ್ತಾಯಿತು, ಆಮೇಲೆ ಪರದೆಯೇ ಕತ್ತಲು. ದಾವಣಗೆರೆಯಲ್ಲಿ ಆ ಹೊತ್ತಿಗೆ ರಿಪೇರಿ ಅಂಗಡಿಗಳು ಬಾಗಿಲು ಹಾಕಿದ್ದವು. ಎಡಗಡೆಯದನ್ನು ಅಡ್ಡ ತಿರುಗಿಸಿ ಟ್ಯಾಲಿ ತೆರೆದೆ. 2ಬಿ ಪಟ್ಟಿಯನ್ನು ಪ್ರಿಂಟ್ ತೆಗೆದು ಆಫೀಸಿನ ಹುಡುಗನ ಕೈಗೆ ಕೊಟ್ಟೆ. ಅವನು ಬಿಲ್ ನಂಬರ್ ಜೋರಾಗಿ ಓದುತ್ತಾ ಹೋದ, ನಾನು ಹುಡುಕಿ ‘ಹ್ಞೂಂ’ ಅನ್ನುತ್ತಾ ಹೋದೆ. ರಾತ್ರಿ ಎರಡೂವರೆಗೆ ಹನ್ನೊಂದನೆಯದು ಮುಗಿಯಿತು. ಅವನ ದನಿ ಅಷ್ಟರಲ್ಲಿ ಕಟ್ಟಿಹೋಗಿತ್ತು. ಮಾರನೆಯ ದಿನ 20. ಒಂದೇ ದೊಡ್ಡ ಪರದೆ ನೆಚ್ಚಿಕೊಂಡಿದ್ದರೆ ಆ ಹನ್ನೊಂದು ಜನರಿಗೆ ನಾನು ಏನು ಹೇಳಬೇಕಿತ್ತು?

ರಿಪೇರಿಗೆ ಕೊಟ್ಟದ್ದು ಹದಿನೆಂಟು ದಿನಕ್ಕೆ ವಾಪಸ್ ಬಂತು. ಅಷ್ಟು ದಿನ ಕಾಯಲಾಗದೆ ನಾನು ಇನ್ನೊಂದು 24 ಇಂಚಿನದನ್ನೇ ತಂದು ಕೂರಿಸಿದ್ದೆ. ಹಳೆಯದನ್ನು ಮಗಳು ಓದಲು ತನ್ನ ಕೋಣೆಗೆ ಒಯ್ದಳು.