ಟರ್ಕಿ ಇದೆ, ಅನ್ನ ಇಲ್ಲ

ಫ್ರೈಡ್ ರೈಸ್ ಮಾಡೋಕೆ ನಿನ್ನೆ ಅನ್ನ ಬೇಕು. ಇದೇನು ಹೊಸ ವಿಷಯ ಅಲ್ಲ, ಎಲ್ಲಾರಿಗೂ ಗೊತ್ತಿರೋದೇ. ಆದ್ರೆ ನಮ್ಮನೇಲಿ ನಿನ್ನೆ ಅನ್ನ ಅನ್ನೋ ಪದಾರ್ಥ ಬೆಳಿಗ್ಗೆ ಆರು ಗಂಟೆ ಆಚೆಗೆ ಬದುಕಲ್ಲ. ಸೆಪ್ಟೆಂಬರ್‌ನಲ್ಲಿ ನಮ್ಮತ್ತೆ ಹಾಸನದಿಂದ ನ್ಯೂಜೆರ್ಸಿಗೆ ಬಂದ್ರು, ಅವತ್ತಿಂದ ರಾತ್ರಿ ಫ್ರಿಜ್ಜಲ್ಲಿ ಮಲಗಿದ ಅನ್ನ ಯಾವುದೂ ಬೆಳಿಗ್ಗೆ ಅನ್ನವಾಗಿ ಎದ್ದಿಲ್ಲ, ಚಿತ್ರಾನ್ನವಾಗೇ ಎದ್ದಿದೆ.

ಚಿತ್ರಾನ್ನದ ಮೇಲೆ ನಂಗೇನೂ ದ್ವೇಷ ಇಲ್ಲ ಮತ್ತೆ. ಫ್ರಿಜ್ಜಿನ ಎರಡು ಶೆಲ್ಫ್ ತುಂಬಾ ಬೆಂದ ಟರ್ಕಿ ಕೋಳಿ ಕೂತಿದೆ ಅನ್ನೋದೇ ನನ್ನ ತಲೆನೋವು.

ಆ ಟರ್ಕಿ ಬಂದ ಕತೆ ಕೇಳಿ. ಮನೆಮಂದಿ ಸೇರಿ ಟರ್ಕಿ ತಿನ್ನೋ ಅಮೆರಿಕಾದ ಹಬ್ಬ ಥ್ಯಾಂಕ್ಸ್‌ಗಿವಿಂಗ್ ಅಂದ್ರೆ ಕೃತಜ್ಞತೆ, ಕುಟುಂಬ ಅಂತೆಲ್ಲಾ ಹೇಳ್ತಾರಲ್ಲ, ಅದರ ಹಿಂದೆ ಅಂಗಡಿ ಲೆಕ್ಕ ಮೊದಲಿಂದಾನೂ ಇದೆ. 1863ರಲ್ಲಿ ಅಧ್ಯಕ್ಷ ಲಿಂಕನ್ ನವೆಂಬರ್ ಕೊನೇ ಗುರುವಾರ ಅಂತ ಘೋಷಣೆ ಮಾಡಿದ್ರು, 1939ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಬಂದು ಕ್ರಿಸ್‌ಮಸ್ ವ್ಯಾಪಾರಕ್ಕೆ ಇನ್ನೊಂದಿಷ್ಟು ದಿನ ಸಿಗಲಿ ಅಂತ ಒಂದು ವಾರ ಮುಂಚೆ ಎಳೆದ್ರು, ಅರ್ಧ ರಾಜ್ಯಗಳು ಹಳೇ ದಿನ ಅರ್ಧ ರಾಜ್ಯಗಳು ಹೊಸ ದಿನ ಅಂತ ಗಲಾಟೆ ಆಗಿ ಕೊನೆಗೆ 1941ರಲ್ಲಿ ನಾಲ್ಕನೇ ಗುರುವಾರ ಅಂತ ಕಾನೂನೇ ಮಾಡಬೇಕಾಯ್ತು. ಈಗ ನಮ್ಮ ಕಡೆ ಸೂಪರ್‌ಮಾರ್ಕೆಟ್‌ನಲ್ಲಿ ಹಬ್ಬಕ್ಕೆ ಮುಂಚೆ ಇಂತಿಷ್ಟು ವಾರದೊಳಗೆ ನಾನೂರು ಡಾಲರ್ ಸಾಮಾನು ತಗೊಂಡ್ರೆ ಒಂದು ಟರ್ಕಿ ಫ್ರೀ. ಫ್ರೀ ಅನ್ನೋ ಪದ ಕಿವಿಗೆ ಬಿದ್ರೆ ನಮ್ಮನೆಯವರು ನಿದ್ದೆಯಿಂದಾನೂ ಎದ್ದು ಕೂರ್ತಾರೆ. ರಸೀದಿ ಕೂಡಿಸಿ ಕೂಡಿಸಿ, ಇನ್ನೂ ಕಡಿಮೆ ಇದೆ ಅಂತ ಪೇಪರ್ ಟವೆಲ್ಲು, ಡಿಟರ್ಜೆಂಟು ಎಲ್ಲಾ ಹೊತ್ತು ತಂದ್ರು. ಗ್ಯಾರೇಜಲ್ಲಿರೋ ಪೇಪರ್ ಟವೆಲ್ ಮುಂದಿನ ಯುಗಾದಿ ದಾಟಿಸುತ್ತೆ. ಅದರ ಜೊತೆ ಹದಿನಾಲ್ಕು ಪೌಂಡಿನ ಟರ್ಕಿ. ಅಂದ್ರೆ ಆರು ಕೆಜಿ ಮೇಲೆ. ಒಬ್ಬರಿಗೆ ಒಂದು ಪೌಂಡ್ ಲೆಕ್ಕ ಅಂತೆ. ನಾವಿರೋದು ನಾಲ್ಕು ಜನ, ಅದರಲ್ಲಿ ಮಗಳಿಗೆ ಟರ್ಕಿ ಬೇಕಾಗಿದ್ದು ಸ್ಕೂಲಲ್ಲಿ ಅಂಗೈ ಇಟ್ಟು ಗೆರೆ ಎಳೆದು ಟರ್ಕಿ ಚಿತ್ರ ಬರೆಸಿದ್ರು ಅನ್ನೋ ಒಂದೇ ಕಾರಣಕ್ಕೆ.

ಫ್ರೋಜನ್ ಹಕ್ಕಿ ಫ್ರಿಜ್ಜಲ್ಲೇ ಕರಗಬೇಕು, ನಾಲ್ಕೈದು ಪೌಂಡಿಗೆ ಒಂದು ದಿನ ಪೂರ್ತಿ ಬೇಕು. ಹಂಗಾಗಿ ಸೋಮವಾರದಿಂದಾನೇ ಅದು ಒಳಗೆ, ಕೊತ್ತಂಬರಿ ಸೊಪ್ಪು ಹೊರಗೆ. ಅತ್ತೆ ಮೊಸರು ತೆಗೆಯೋಕೆ ಬಾಗಿಲು ತೆಗೆದವರು ಒಂದು ನಿಮಿಷ ಹಂಗೇ ನಿಂತು, "ಇದ್ಯಾರೇ ಒಳಗೆ ಮಲಗಿರೋದು?" ಅಂದ್ರು.

ಗುರುವಾರ ಅದನ್ನ ಅವನ್‌ಗೆ ಹಾಕಿ ನಮ್ಮನೆಯವರು ಥರ್ಮಾಮೀಟರ್ ಹಿಡ್ಕೊಂಡು ಕೂತ್ರು, ತೊಡೆ ಹತ್ರ 165 ಡಿಗ್ರಿ ಫ್ಯಾರನ್‌ಹೀಟ್ ಬಂದ್ರೆ ಬೆಂದಿದೆ ಅಂತ ಲೆಕ್ಕ. ಹತ್ತತ್ತು ನಿಮಿಷಕ್ಕೆ ಬಾಗಿಲು ತೆಗೆದು ಚುಚ್ಚೋದು, ಮುಚ್ಚೋದು. ಅತ್ತೆ, "ಜ್ವರ ಇಳೀತೇನೋ?" ಅಂತ ಕೇಳಿದ್ರು. ಕೊನೆಗೆ ಎಲ್ಲಾ ಟೇಬಲ್ ಮೇಲೆ ಜೋಡಿಸಿ ಫೋಟೋ ತೆಗೆದು ಊಟಕ್ಕೆ ಕೂತ್ವಿ. ತೊಡೆ ಭಾಗ ಪರವಾಗಿಲ್ಲ, ಸುಳ್ಳು ಹೇಳಲ್ಲ. ಎದೆ ಭಾಗ ಮಾತ್ರ ಬಾಯಲ್ಲಿ ಹೊಸ ದಿಂಬು ಬಿಚ್ಚಿದ ಹಾಗಿತ್ತು. ಅತ್ತೆ ಒಂದು ತುಂಡು ಅಗಿದು, ಇನ್ನೂ ಅಗಿದು, ನೀರು ಕುಡಿದು, ಸುತ್ತ ನೋಡಿ "ಸಾರೆಲ್ಲಿ?" ಅಂದ್ರು. ನಾಟಿಕೋಳಿ ಸಾರು, ಮುದ್ದೆ ಉಂಡ ಜೀವ ಅದು. ಗ್ರೇವಿ ಹಾಕ್ದೆ. ಗೋಧಿ ಅಂಬಲಿ ಚೆನ್ನಾಗಿ ಕಾಯಿಸಿದೀಯ ಅಂತ ಹೊಗಳಿ ಎದ್ದು ಹೋದ್ರು.

ಈಗ ಉಳಿದಿದ್ದು ಏನ್ ಮಾಡೋದು? ಬೆಂದ ಟರ್ಕಿನ ಫ್ರಿಜ್ಜಲ್ಲಿ ಮೂರ್ನಾಲ್ಕು ದಿನ ಇಡಬಹುದು, ಆಮೇಲೆ ಎಸೀಬೇಕು ಅಂತಾರೆ ಇಲ್ಲಿನ ಆಹಾರ ಇಲಾಖೆಯವರು. ಆ ಲೆಕ್ಕ ಹಾಕಿದವರಿಗೆ ನಮ್ಮನೆ ವಾರ ಗೊತ್ತಿಲ್ಲ. ಶುಕ್ರವಾರ ಓಕೆ. ಶನಿವಾರ ಆಂಜನೇಯ, ಮಾಂಸ ಇಲ್ಲ. ಭಾನುವಾರ ಓಕೆ. ಸೋಮವಾರ ಈಶ್ವರ, ಮಾಂಸ ಇಲ್ಲ. ಅಂದ್ರೆ ನಾಲ್ಕು ದಿನದಲ್ಲಿ ನಂಗೆ ಸಿಗೋದು ಎರಡೇ. ಫ್ರೀಜರಿಗೆ ಹಾಕು ಅಂತೀರಾ? ಫ್ರೀಜರಲ್ಲಿ ಅತ್ತೆ ಸೂಟ್‌ಕೇಸಲ್ಲಿ ತಂದ ಸಾರಿನಪುಡಿ, ಹುಳಿಪುಡಿ, ಹುರಿಗಡಲೆ, ಹಾಳಾಗಬಾರದು ಅಂತ ಅಲ್ಲೇ ಇಟ್ಟಿರೋ ಹಪ್ಪಳದ ಕಟ್ಟು. ಜಾಗ ಕೇಳೋ ಧೈರ್ಯ ನಂಗಿಲ್ಲ.

1953ರಲ್ಲಿ ಹಬ್ಬ ಮುಗಿದಮೇಲೆ ಸ್ವಾನ್ಸನ್ ಅನ್ನೋ ಕಂಪನಿಯಲ್ಲಿ 260 ಟನ್ ಟರ್ಕಿ ಖರ್ಚಾಗದೆ ಉಳಿದುಬಿಡ್ತಂತೆ, ಇಡೋಕೆ ಜಾಗ ಇಲ್ಲದೆ ತಣ್ಣಗಿರೋ ರೈಲು ಡಬ್ಬಿಗಳಲ್ಲಿ ತುಂಬಿ ಅತ್ಲಾಗೆ ಇತ್ಲಾಗೆ ಓಡಿಸ್ತಿದ್ರಂತೆ, ಆ ತಲೆಬಿಸಿಯಲ್ಲೇ ಟಿವಿ ಡಿನ್ನರ್, ಅಂದ್ರೆ ಬಿಸಿ ಮಾಡಿ ತಿನ್ನೋ ಫ್ರೋಜನ್ ಊಟದ ತಟ್ಟೆ, ಹುಟ್ಟಿದ್ದು ಅಂತ ಒಂದು ಕತೆ ಇದೆ. ಅವರಿಗೆ ಟನ್‌ಗಟ್ಲೆ ಇದ್ದಿರಬಹುದು, ಮನೇಲಿ ಅತ್ತೆ ಇರಲಿಲ್ಲ.

ನಾನು ಫ್ರೈಡ್ ರೈಸ್ ಅಂತ ತೀರ್ಮಾನ ಮಾಡಿದ್ದಕ್ಕೆ ಕಾರಣ ಇದೆ. ಒಣಗಿದ ಮಾಂಸನ ಸಣ್ಣಗೆ ಹೆಚ್ಚಿ ಸೋಯಾ ಸಾಸ್, ಬೆಳ್ಳುಳ್ಳಿ, ಮೆಣಸಿನಪುಡಿ ಜೊತೆ ಅನ್ನದಲ್ಲಿ ಕಳೆದುಬಿಟ್ರೆ ಅದು ಟರ್ಕಿ ಅಂತ ಯಾರಿಗೂ ನೆನಪಾಗಲ್ಲ. ಸ್ಯಾಂಡ್‌ವಿಚ್ ಮಾಡಿದ್ರೆ ನೆನಪಾಗುತ್ತೆ. ಸೂಪ್ ಮಾಡಿದ್ರೆ ಅತ್ತೆ ಅದಕ್ಕೆ ಹುಣಸೆಹಣ್ಣು ಹಾಕ್ತಾರೆ. ಆದ್ರೆ ಅನ್ನ ಹಿಂದಿನ ದಿನದ್ದೇ ಆಗಬೇಕು, ಫ್ರಿಜ್ಜಲ್ಲಿ ತಣ್ಣಗಾಗಿ ಪಿಷ್ಟ ಗಟ್ಟಿಯಾಗಿ ಕಾಳು ಕಾಳು ಬಿಡಿ ಬಿಡಿ ಆಗಿರಬೇಕು. ಬಿಸಿ ಸೋನಾ ಮಸೂರಿ ಬಾಣಲೆಗೆ ಹಾಕಿದ್ರೆ ಫ್ರೈಡ್ ರೈಸ್ ಆಗಲ್ಲ, ಕಂದು ಬಣ್ಣದ ಪೊಂಗಲ್ ಆಗುತ್ತೆ.

ಗುರುವಾರ ರಾತ್ರಿ ಅನ್ನ ಇಟ್ಟೆ. ಶುಕ್ರವಾರ ಬೆಳಿಗ್ಗೆ ಸಾಸಿವೆ ಚಟಪಟ ಸದ್ದಿಗೆ ಎಚ್ಚರ ಆಯ್ತು. ಕೆಳಗೆ ಹೋಗೋ ಅಷ್ಟರಲ್ಲಿ ನಿಂಬೆಹಣ್ಣು ಹಿಂಡಿ ಆಗಿತ್ತು. ಶುಕ್ರವಾರ ರಾತ್ರಿ ಮತ್ತೆ ಅನ್ನ ಮಾಡಿ, ಭಾನುವಾರಕ್ಕೆ ಆಗುತ್ತೆ ಅಂತ ಡಬ್ಬಿನ ಹಾಲಿನ ಗ್ಯಾಲನ್ ಹಿಂದೆ ಇಟ್ಟೆ. ಶನಿವಾರ ಬೆಳಿಗ್ಗೆ ಕಡ್ಲೆಬೀಜ ಹಾಕಿದ ಚಿತ್ರಾನ್ನ. "ಹಾಲಿನ ಹಿಂದೆ ಮರೆತುಬಿಟ್ಟಿದ್ದೆ ನೋಡು, ನಾನು ನೋಡಿದ್ದಕ್ಕೆ ಸರಿ ಹೋಯ್ತು" ಅಂತ ನನಗೇ ಉಪಕಾರ ಮಾಡಿದ ಖುಷಿ ಅವರಿಗೆ. ಶನಿವಾರ ರಾತ್ರಿ ಡಬ್ಬಿ ಮೇಲೆ ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲೇ "ಫ್ರೈಡ್ ರೈಸ್‌ಗೆ, ಮುಟ್ಟಬೇಡಿ" ಅಂತ ಬರೆದು ಅಂಟಿಸಿದೆ. ಭಾನುವಾರ ಬೆಳಿಗ್ಗೆ ತಟ್ಟೇಲಿ ಹಳದಿ.

"ಅತ್ತೆ, ಬರೆದಿದ್ನಲ್ಲ?"

"ಓದಿದೆ ಕಣೇ. ಅವನಿಗೆ ಬರೆದಿದೀಯ ಅನ್ಕೊಂಡೆ, ರಾತ್ರಿ ಎದ್ದು ತಿಂತಾನಲ್ಲ."

"ಫ್ರೈಡ್ ರೈಸ್ ಮಾಡ್ಬೇಕಿತ್ತು ಅತ್ತೆ."

"ಎಣ್ಣೇಲಿ ಈರುಳ್ಳಿ ಹುರಿದು ಅನ್ನ ಹಾಕಿ ಬೆರೆಸೋದು ತಾನೆ? ಮತ್ತೆ ಇದೇನು?"

ಇದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ. ಯೋಚನೆ ಮಾಡಿ ನೋಡಿ, ನಿಮ್ಮ ಹತ್ರಾನೂ ಇರಲ್ಲ. ಸೋಯಾ ಸಾಸ್ ಬಾಟಲಿ ತೋರಿಸಿದೆ. ಮೂಗಿನ ಹತ್ರ ಹಿಡಿದು, "ಇದನ್ನ ಹಾಕೋಕೆ ಮೂರು ದಿನದಿಂದ ಅನ್ನ ಬಚ್ಚಿಡ್ತಾ ಇದೀಯಾ?" ಅಂದ್ರು.

ಇದಕ್ಕಿಂತ ದೊಡ್ಡ ಸಂಕಟ ಇನ್ನೊಂದಿದೆ. ಅವರು ಅನ್ನದ ಡಬ್ಬಿನ ರಾತ್ರಿಯೇ ಫ್ರಿಜ್ಜಿಂದ ಆಚೆ ತೆಗೆದು ಕಟ್ಟೆ ಮೇಲೆ ಇಟ್ಟು ಮಲಗ್ತಾರೆ, "ಬೆಳಿಗ್ಗೆ ಸೆಟೆದುಕೊಂಡಿರುತ್ತೆ, ಪಾಪ" ಅಂತ. ಫ್ರೈಡ್ ರೈಸಿಗೆ ಅದು ಸೆಟೆದುಕೊಂಡೇ ಇರಬೇಕು ಅನ್ನೋದು ಒಂದು ಕಡೆ ಇರಲಿ, ಅನ್ನನ ಎರಡು ಗಂಟೆ ಮೇಲೆ ಹೊರಗೆ ಬಿಡಬಾರದು, ಬೇಯಿಸಿದ್ರೂ ಸಾಯದ ಒಂದು ಬ್ಯಾಕ್ಟೀರಿಯಾ ಬೀಜಾಣು ಅದರಲ್ಲಿ ಇರುತ್ತೆ, ಬಿಸಿ ಮಾಡಿದ್ರೂ ಅದು ಬಿಟ್ಟ ವಿಷ ಹೋಗಲ್ಲ ಅಂತೆಲ್ಲಾ ನಾನು ವಿವರವಾಗಿ ಹೇಳಿದೆ. ಪೂರ್ತಿ ಕೇಳಿಸ್ಕೊಂಡು, "ನಿನ್ ಗಂಡನ್ನ ತಂಗಳನ್ನ, ಮಜ್ಜಿಗೆ ಹಾಕೇ ಬೆಳೆಸಿದ್ದು" ಅಂದ್ರು. ಅದಕ್ಕೇ ಹಿಂಗಿರೋದು ಅಂತ ಬಾಯಿ ತುದಿಗೆ ಬಂದಿದ್ದನ್ನ ಚಿತ್ರಾನ್ನದ ಜೊತೆ ನುಂಗಿದೆ.

ಒಂದು ಮಾತು ಹೇಳಬೇಕು. ಹಾಸನದಲ್ಲಿ ನಾಲ್ಕೂವರೆಗೆ ಏಳೋ ಅಭ್ಯಾಸ ಅವರದ್ದು, ಇಲ್ಲೂ ಅದೇ. ನವೆಂಬರ್ ಕೊನೇಲಿ ಇಲ್ಲಿ ಬೆಳಕು ಹರಿಯೋದು ಏಳು ಗಂಟೆಗೆ. ಹಾಲಿನವನಿಲ್ಲ, ಹೂವಿನವಳಿಲ್ಲ, ಬಾಗಿಲಿಗೆ ನೀರು ಹಾಕಿದ್ರೆ ಮಂಜುಗಡ್ಡೆ ಆಗುತ್ತೆ. ಟಿವಿ ರಿಮೋಟು ಎರಡಿದೆ, ಎರಡೂ ಅವರ ಮಾತು ಕೇಳಲ್ಲ. ಒಲೆಯ ಗುಂಡಿಗಳಲ್ಲಿ ಮುಂದಿನ ಎಡಗಡೆದು ಒಂದು ಅವರಿಗೆ ಗೊತ್ತು. ಆ ಒಂದು ಒಲೆ, ಒಂದು ಡಬ್ಬಿ ಅನ್ನ, ಯಾರನ್ನೂ ಎಬ್ಬಿಸಿ ಕೇಳದೆ ಮಾಡಬಹುದಾದ ಒಂದು ತಿಂಡಿ. ಇಷ್ಟು ಗೊತ್ತಿದ್ದೂ ನಂಗೆ ಸಿಟ್ಟು ಬರುತ್ತೆ, ಅದೇ ಬೇಜಾರು.

ಭಾನುವಾರ ಬೇರೆ ದಾರಿ ಇರಲಿಲ್ಲ, ಬೆಳಿಗ್ಗೆ ಹನ್ನೊಂದಕ್ಕೇ ನೀರು ಕಮ್ಮಿ ಹಾಕಿ ಹೊಸ ಅನ್ನ ಮಾಡಿ ಬೇಕಿಂಗ್ ಟ್ರೇ ಮೇಲೆ ತೆಳ್ಳಗೆ ಹರಡಿ ಫ್ಯಾನ್ ಕೆಳಗೆ ಆರಿಸಿ, ಮುಚ್ಚದೆ ಹಂಗೇ ಫ್ರಿಜ್ಜಿಗೆ ತಳ್ಳಿದೆ. ಅರ್ಜೆಂಟಿಗೆ ಈ ಉಪಾಯ ನಡೆಯುತ್ತೆ, ಮೇಲಿನ ತೇವ ಆರುತ್ತೆ. ಮಧ್ಯಾಹ್ನ ಪೂರ್ತಿ ಲ್ಯಾಪ್‌ಟಾಪ್ ಇಟ್ಕೊಂಡು ಅಡುಗೆಮನೇಲೇ ಕೂತೆ. ಅತ್ತೆ ಎರಡು ಸಲ ಬಂದು ಫ್ರಿಜ್ ತೆಗೆದು, ಟ್ರೇ ನೋಡಿ, ನನ್ನ ನೋಡಿ, ಮುಚ್ಚಿ ಹೋದ್ರು.

ಸಂಜೆ ಬಾಣಲೆ ಇಟ್ಟೆ. ಮೊಟ್ಟೆ ಒಡೆದು ಹುರಿದು ತೆಗೆದಿಟ್ಟೆ, ಬೆಳ್ಳುಳ್ಳಿ, ಬೀನ್ಸು, ಕ್ಯಾರೆಟ್ಟು, ಆಮೇಲೆ ಜೋರು ಉರೀಲಿ ಅನ್ನ. ಟರ್ಕಿ ಕೊನೇಲೇ ಹಾಕಬೇಕು, ಮೊದಲೇ ಬೆಂದಿರೋದನ್ನ ಮತ್ತೆ ಹುರಿದ್ರೆ ಉಳಿದಿರೋ ಜೀವಾನೂ ಹೋಗುತ್ತೆ. ತೊಡೆ ಮಾಂಸ ಜಾಸ್ತಿ, ಎದೆದು ಸಣ್ಣಗೆ ಹೆಚ್ಚಿ ಒಂದು ಚಮಚ ಬೆಣ್ಣೆ ಸವರಿ. ಸೋಯಾ ಸಾಸ್ ಬಾಣಲೆ ಅಂಚಿಗೆ ಬಿಟ್ಟಾಗ ಒಂದು ಹೊಗೆ ಬಂತು ನೋಡಿ, ಆ ವಾಸನೆಗೆ ಮೈಸೂರು ಸರಸ್ವತಿಪುರಂ ಕಡೆ ಸಂಜೆ ಎಗ್ ರೈಸ್ ಗಾಡಿ ಮುಂದೆ ಹಾಫ್ ಪ್ಲೇಟ್ ಹೇಳಿ ನಿಂತಿದ್ದ ನಾನು, ಪ್ಲಾಸ್ಟಿಕ್ ಕವರ್ ಹಾಕಿದ ತಟ್ಟೆ, ಸೌಟಲ್ಲಿ ಬಾಣಲೆಗೆ ಟಣಟಣ ಹೊಡೆಯೋ ಅಣ್ಣ, ಎಲ್ಲಾ ಒಂದ್ಸಲ ಬಂದು ಹೋಯ್ತು. ಅಷ್ಟರಲ್ಲಿ ಸ್ಮೋಕ್ ಅಲಾರಂ ಕಿರುಚಿತು. ಅಮೆರಿಕಾದಲ್ಲಿ ಒಗ್ಗರಣೆ ಹಾಕೋ ಎಲ್ಲರಿಗೂ ಅದರ ಪರಿಚಯ ಇದೆ, ಹೆಚ್ಚು ಹೇಳಲ್ಲ. ನಮ್ಮನೆಯವರು ಟವೆಲ್ ಬೀಸಿದ್ರು, ಮಗಳು ಕಿವಿ ಮುಚ್ಕೊಂಡು ಕುಣಿದಳು. ಅತ್ತೆ ಮಾತ್ರ ಅಲ್ಲಾಡಲಿಲ್ಲ, "ನಾನು ಇಷ್ಟು ದಿನ ಚಿತ್ರಾನ್ನ ಮಾಡಿದೀನಿ, ಒಂದಿನಾನೂ ಅದು ಕೂಗಿಲ್ಲ" ಅಂದ್ರು.

ಚೆನ್ನಾಗಿತ್ತು. ನಾನೇ ಹೇಳ್ಕೋಬಾರದು, ಆದ್ರೂ ಚೆನ್ನಾಗಿತ್ತು. ಮಗಳು ಎರಡು ಸಲ ಹಾಕಿಸ್ಕೊಂಡಳು. ಅತ್ತೆ ಟರ್ಕಿ ತುಂಡನ್ನೆಲ್ಲಾ ತಟ್ಟೆ ಅಂಚಿಗೆ ಸಾಲಾಗಿ ನಿಲ್ಲಿಸಿ, ಅನ್ನಕ್ಕೆ ಉಪ್ಪಿನಕಾಯಿ ಕಲೆಸಿ ತಿಂದ್ರು. ನಾನು ಎದೆ ಮಾಂಸ ಎಲ್ಲಾ ಖಾಲಿ ಮಾಡೋ ಹುಮ್ಮಸ್ಸಲ್ಲಿ ಮಾಡಿದ್ದರಿಂದ ಒಂದು ಡಬ್ಬಿ ತುಂಬಾ ಉಳೀತು. ಸೋಮವಾರ ಇವರ ಆಫೀಸ್ ಡಬ್ಬಿಗೆ ಕಳಿಸಿದ್ರಾಯ್ತು, ಇವರ ಸೋಮವಾರ ಮನೆ ಗೇಟಿನವರೆಗೆ ಮಾತ್ರ ಅಂತ ಇಟ್ಟು ನೆಮ್ಮದಿಯಾಗಿ ಮಲಗಿದೆ.

ಬೆಳಿಗ್ಗೆ ಸಾಸಿವೆ ಸಿಡೀತು.

ಓಡಿ ಬಂದೆ. ಅತ್ತೆ ಒಲೆ ಮುಂದೆ, ಪಕ್ಕದಲ್ಲಿ ಸ್ಟೀಲ್ ಬಟ್ಟಲು, ಅದರ ತುಂಬಾ ಟರ್ಕಿ ತುಂಡು. ಒಂದೊಂದಾಗಿ ಆರಿಸಿದ್ದಾರೆ, ಎಷ್ಟೊತ್ತಿಗೆ ಎದ್ದಿದ್ರೋ. "ಸೋಮವಾರ ಅಲ್ವೇನೇ, ಅವನು ಡಬ್ಬಿಗೆ ಹಾಕ್ಕೊಂಡು ಹೋಗಿಬಿಡ್ತಾನೆ ಅಂತ ತುಂಡೆಲ್ಲಾ ತೆಗೆದುಬಿಟ್ಟೆ. ನಂಗೆ ಬೇಡಪ್ಪ, ನಂಗೆ ಬೇರೆ ಉಪ್ಪಿಟ್ಟು ಮಾಡ್ಕೊಂಡಿದೀನಿ."

"ಮೊಟ್ಟೆ ಇದೆಯಲ್ಲ ಅತ್ತೆ ಅದರಲ್ಲಿ."

"ಮೊಟ್ಟೆ ಏನು ಮಾಡುತ್ತೆ, ಬಿಡು" ಅಂತ ಅರಿಶಿನ ಉದುರಿಸಿ ನಿಂಬೆಹಣ್ಣು ಹಿಂಡಿದ್ರು.

ನಮ್ಮನೆಯವರು ಸ್ನಾನ ಮುಗಿಸಿ ಬಂದು ನಿಂತ್ಕೊಂಡೇ ಎರಡು ತುತ್ತು ತಿಂದ್ರು. ಕಣ್ಣು ಅಗಲ ಆಯ್ತು. "ಅಮ್ಮಾ, ಇವತ್ತು ಚಿತ್ರಾನ್ನ ಸಖತ್ತಾಗಿದೆ! ಏನ್ ಹಾಕಿದೀಯ?"

"ಏನೂ ಇಲ್ಲ ಕಣೋ, ನಿನ್ನೆ ಅನ್ನ."